‘ಮುಗಿಸಿರಬೇಕು’ ಅನ್ನಬಲ್ಲವರಿಗೆ ಸಬ್ಜಂಕ್ಟಿವ್ ಪಾಸೆ

(ಫ್ರೆಂಚ್ ಕಲಿಯುತ್ತಿರುವವರ ಮುಂದೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಹಲಗೆಯ ಮೇಲೆ ಬರೆದ ಫ್ರೆಂಚನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಉಚ್ಚಾರ ಹತ್ತಿರಹತ್ತಿರ ಇದೆ, ಪೂರ್ತಿ ಇಲ್ಲ. ಮೂಗಿನಿಂದ ಬರುವ ಸ್ವರಗಳಿಗೆ ಸೊನ್ನೆ ಹಾಕಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಫ್ರೆಂಚಿಗೆ ಹೋಗುವ ಮುಂಚೆ ಕನ್ನಡದ ಒಂದು ವಾಕ್ಯ ಕೇಳಿ. “ನಾಳೆ ಮಧ್ಯಾಹ್ನದೊಳಗೆ ನೀವು ಈ ಕೆಲಸ ಮುಗಿಸಿರಬೇಕು.”

ಕೆಲಸ ಮುಗಿದಿದೆಯಾ? ಇಲ್ಲ. ಇನ್ನೂ ಶುರುವೇ ಆಗಿಲ್ಲದಿರಬಹುದು. ಆದರೂ ‘ಮುಗಿಸಿ’ ಅನ್ನುವ ರೂಪ ಬಂದು ಕೂತಿದೆ. ಹಳೇ ವ್ಯಾಕರಣ ಪುಸ್ತಕ ತೆಗೆದರೆ ಅದಕ್ಕೆ ‘ಭೂತನ್ಯೂನ’ ಅನ್ನುವ ಹೆಸರು. ನಾಳೆ ನಡೆಯಬೇಕಾದ ಕೆಲಸದ ಒಳಗೆ ಭೂತ! ನಮಗೆ ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ. ‘ಮುಗಿಸಿ’ ಅಂದರೆ ಕೆಲಸ ಪೂರ್ತಿಯಾದ ಸ್ಥಿತಿ, ಅಷ್ಟೇ. ಆ ಸ್ಥಿತಿ ನಿನ್ನೆಯದೋ ನಾಳೆಯದೋ ಅನ್ನುವುದನ್ನು ವಾಕ್ಯದ ಉಳಿದ ಭಾಗ ನೋಡಿಕೊಳ್ಳುತ್ತದೆ.

ಇದೇ ವಾಕ್ಯವನ್ನು ಫ್ರೆಂಚಿನಲ್ಲಿ ಹೇಳಿದರೆ: “ಇಲ್ ಫೋ ಕ ವೂ ಜ಼ೆಯೆ ಫಿನಿ ಆವಾಂ ಮಿದಿ.” ‘ಇಲ್ ಫೋ’ ಅಂದರೆ ಬೇಕು. ‘ಫಿನಿ’ ಅಂದರೆ ಮುಗಿಸಿ. ನಡುವಿನ ‘ಎಯೆ’ ನಮ್ಮ ‘ಇರು’ ಮಾಡುವ ಕೆಲಸ ಮಾಡುತ್ತಿದೆ. ಹೀಗೆ ಕಟ್ಟಿದ ರೂಪಕ್ಕೆ ಫ್ರೆಂಚರು ಇಟ್ಟ ಹೆಸರು ಸಬ್ಜಂಕ್ಟಿವ್ ಪಾಸೆ, ಅಂದರೆ ಭೂತಕಾಲದ ಸಬ್ಜಂಕ್ಟಿವ್. ಸಬ್ಜಂಕ್ಟಿವ್ ಅಂದರೆ, ಒಂದು ಮಾತನ್ನು ನೇರ ಸುದ್ದಿಯಾಗಿ ಹೇಳದೆ ಬೇಕು, ಖುಷಿ, ಅನುಮಾನದಂಥ ಇನ್ನೊಂದು ಮಾತಿಗೆ ಕಟ್ಟಿ ಹೇಳುವಾಗ ಕ್ರಿಯಾಪದ ತಳೆಯುವ ರೂಪ. ಕಲಿಯುವವರು ಹೆದರುವುದು ಈ ಹೆಸರಿಗೆ. ನನ್ನ ಪ್ರಕಾರ ಹೆಸರೇ ಸರಿಯಿಲ್ಲ. ಅದರಲ್ಲಿ ಭೂತಕಾಲಕ್ಕಿಂತ ಪೂರ್ತಿಯಾಗುವಿಕೆ ಜಾಸ್ತಿ ಇದೆ. ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಇದನ್ನೇ.

ಮೊದಲು ರೂಪ ಹೇಗೆ ಕಟ್ಟುತ್ತಾರೆ ಅಂತ ನೋಡಿಬಿಡೋಣ.

ಕನ್ನಡದಲ್ಲಿ ‘ಮಾತಾಡಿ’ಯನ್ನು ಇಟ್ಟುಕೊಂಡು ಏನೇನು ಮಾಡುತ್ತೇವೆ? ಮಾತಾಡಿದ್ದೇನೆ, ಮಾತಾಡಿದ್ದಾಳೆ, ಮಾತಾಡಿರಲಿ, ಮಾತಾಡಿರಬಹುದು. ‘ಮಾತಾಡಿ’ ಕದಲದೆ ಕೂತಿದೆ. ಯಾರು, ಎಷ್ಟು ಜನ, ಖಂಡಿತವೋ ಅನುಮಾನವೋ ಅನ್ನುವ ಭಾರವನ್ನೆಲ್ಲ ‘ಇರು’ ಹೊತ್ತುಕೊಂಡು ಓಡಾಡುತ್ತದೆ. ಫ್ರೆಂಚಿನಲ್ಲೂ ಹಾಗೇ. ಅಲ್ಲಿ ಕದಲದೆ ಕೂತಿರುವುದು ಪಾಸ್ಟ್ ಪಾರ್ಟಿಸಿಪಲ್, ಅಂದರೆ ನಮ್ಮ ‘ಮಾತಾಡಿ’ ಥರ ಕೆಲಸ ಪೂರ್ತಿಯಾದದ್ದನ್ನು ಹೇಳುವ ರೂಪ. ಓಡಾಡುವುದು ಸಹಾಯಕ ಕ್ರಿಯಾಪದ. ಒಂದೇ ವ್ಯತ್ಯಾಸ, ನಮಗೆ ‘ಇರು’ ಒಂದೇ ಸಾಕು, ಅವರಿಗೆ ಇಬ್ಬರು ಆಳು ಬೇಕು. ‘ಆವ್ವಾರ್’, ಅಂದರೆ ತನ್ನ ಬಳಿ ಇರುವುದು. ‘ಎತ್ರ್’, ಅಂದರೆ ಸುಮ್ನೆ ಇರುವುದು. ಬಹುಪಾಲು ಕ್ರಿಯಾಪದಗಳಿಗೆ ಆವ್ವಾರ್ ಸಾಕು.

ಪಾರ್ಟಿಸಿಪಲ್ ಮಾಡುವುದು ಸುಲಭ. ನಿಯಮಕ್ಕೆ ಬಗ್ಗುವ ಕ್ರಿಯಾಪದಗಳು ಅಂತ ನಮ್ಮ ಪುಸ್ತಕಗಳು ಮೂರು ಗುಂಪು ಮಾಡುತ್ತವೆ. ‘ಪಾರ್ಲೆ’, ಮಾತಾಡುವುದು. ಇದರ ಕೊನೆಯ ಇ-ಆರ್ ತೆಗೆದು, ತಲೆಯ ಮೇಲೆ ಗೀಟು ಇರುವ ಒಂದು ಇ ಹಾಕಿದರೆ ಆಯ್ತು. ಕಿವಿಗೆ ಎರಡೂ ಒಂದೇ, ಪಾರ್ಲೆ. ‘ಫಿನಿರ್’, ಮುಗಿಸುವುದು. ಕೊನೆಯ ಆರ್ ಕಿತ್ತುಹಾಕಿದರೆ ಫಿನಿ. ‘ವಾಂದ್ರ್’, ಮಾರುವುದು. ಆರ್-ಇ ತೆಗೆದು ಯು ಹಚ್ಚಿದರೆ ವಾಂದ್ಯು. ಫ್ರಾನ್ಸಿನ ವ್ಯಾಕರಣಕಾರರು ಈ ಮೂರನೆಯದನ್ನು ನಿಯಮಬದ್ಧ ಗುಂಪು ಅಂತ ಒಪ್ಪುವುದಿಲ್ಲ. ಅವರ ಮೂರನೇ ಗುಂಪು ಅಂದರೆ ಎಲ್ಲೂ ಸೇರದವರನ್ನೆಲ್ಲ ತುಂಬಿದ ಮೂಟೆ, ವಾಂದ್ರ್ ಕೂಡ ಅದರೊಳಗೇ ಇದೆ. ನಾವು ಹೊರಗಿನವರು ಅದನ್ನು ಎತ್ತಿ ಬೇರೆ ಇಟ್ಟುಕೊಂಡಿದ್ದೇವೆ, ಕಲಿಯಲು ಅನುಕೂಲ ಅಂತ. ಫ್ರೆಂಚಿನ ಹತ್ತು ಕ್ರಿಯಾಪದಗಳಲ್ಲಿ ಸುಮಾರು ಒಂಬತ್ತು ಪಾರ್ಲೆಯ ಗುಂಪಿನವೇ. ಹಾಗಾಗಿ ಅದೊಂದು ಗಟ್ಟಿಯಾದರೆ ನೀವು ತುಂಬಾ ದೂರ ಬಂದ ಹಾಗೆ.

ಇನ್ನು ಓಡಾಡುವ ಆಳು. ಆವ್ವಾರ್‌ನ ವರ್ತಮಾನ ಸಬ್ಜಂಕ್ಟಿವ್ ರೂಪಗಳನ್ನು ತಂದು ಪಾರ್ಲೆಯ ಮುಂದೆ ನಿಲ್ಲಿಸಬೇಕು. ಮೊದಲು ಬರುವ ‘ಕ’ ಅಂದರೆ ಹೆಚ್ಚುಕಮ್ಮಿ ನಮ್ಮ ‘ಅಂತ’.

ಕ ಜೆ ಪಾರ್ಲೆ (ನಾನು)
ಕ ತ್ಯು ಎ ಪಾರ್ಲೆ (ನೀನು)
ಕಿಲ್ ಎ ಪಾರ್ಲೆ (ಅವನು), ಕೆಲ್ ಎ ಪಾರ್ಲೆ (ಅವಳು)
ಕ ನೂ ಜ಼ೆಯೋಂ ಪಾರ್ಲೆ (ನಾವು)
ಕ ವೂ ಜ಼ೆಯೆ ಪಾರ್ಲೆ (ನೀವು)
ಕಿಲ್ ಜ಼ೆ ಪಾರ್ಲೆ (ಅವರು)

ಪಾರ್ಲೆ ತೆಗೆದು ಫಿನಿ ಇಡಿ, ವಾಂದ್ಯು ಇಡಿ, ಸಾಲುಗಳು ಹಾಗೇ ಇರುತ್ತವೆ. ಇನ್ನೊಂದು ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ.

ಈಗ ಕಣ್ಣು ಮುಚ್ಚಿ ಬರೀ ಕಿವಿಯಿಂದ ಕೇಳಿ. ನಾನು, ನೀನು, ಅವನು, ಅವರು, ನಾಲ್ಕಕ್ಕೂ ಆವ್ವಾರ್‌ನ ಸದ್ದು ಒಂದೇ, ಬರೀ ‘ಎ’. ಎಯೋಂ, ಎಯೆ ಅನ್ನುವ ಎರಡು ಸೇರಿದರೆ ಒಟ್ಟು ಮೂರೇ ಸದ್ದು. ‘ಅವರು’ ಅನ್ನುವಾಗ ಮಾತ್ರ ನಡುವೆ ಒಂದು ‘ಜ಼’ ಸುಳಿಯುತ್ತದೆ. ಕಿಲ್ ಎ ಅಂದರೆ ಒಬ್ಬ, ಕಿಲ್ ಜ಼ೆ ಅಂದರೆ ಹಲವರು. ಆ ಒಂದು ಜೇನುಹುಳದ ಸದ್ದಿನಲ್ಲಿ ಏಕವಚನ ಬಹುವಚನ ಎಲ್ಲ ಅಡಗಿದೆ.

ಬರೆಯುವಾಗ ಮಾತ್ರ ಈ ಸುಖ ಇಲ್ಲ. ಒಂದೇ ‘ಎ’ ಸದ್ದಿಗೆ ನಾಲ್ಕು ವೇಷ. ನಾನು ಆದರೆ ಎ-ಐ-ಇ. ನೀನು ಆದರೆ ಅದಕ್ಕೆ ಬಾಲವಾಗಿ ಒಂದು ಎಸ್. ಅವನು ಆದರೆ ಎ-ಐ-ಟಿ. ಅವರು ಆದರೆ ಎ-ಐ-ಇ-ಎನ್-ಟಿ. ಇದರಲ್ಲಿ ‘ಅವನು’ ರೂಪದ ಮೇಲೆ ಒಂದು ಕಣ್ಣಿಡಿ. ಎತ್ರ್ ಒಂದನ್ನು ಬಿಟ್ಟರೆ ಬೇರೆ ಕ್ರಿಯಾಪದಗಳಿಗೆ ಸಬ್ಜಂಕ್ಟಿವ್‌ನಲ್ಲಿ ಈ ಜಾಗದಲ್ಲಿ ಇ ಬರುತ್ತದೆ. ಇಲ್ಲಿ ಟಿ. ಕೈ ಅಭ್ಯಾಸಬಲದಿಂದ ಇ ಬರೆದುಬಿಡುತ್ತದೆ. ಇನ್ನೊಂದು ಗುಂಡಿ ‘ನಾವು’ ಮತ್ತು ‘ನೀವು’ ರೂಪದಲ್ಲಿ. ಎತ್ರ್ ಬಿಟ್ಟರೆ ಬೇರೆ ಎಲ್ಲ ಕಡೆ ಐ-ಓ-ಎನ್-ಎಸ್, ಐ-ಇ-ಜ಼ೆಡ್ ಅಂತ ಬರೆದು ರೂಢಿಯಾಗಿರುತ್ತದೆ. ಇಲ್ಲಿ ವೈ ಬಂದಾದ ಮೇಲೆ ಮತ್ತೆ ಐ ಹಾಕಬಾರದು. ನಾನು ಎಷ್ಟೋ ವರ್ಷ ಹಾಕಿದ್ದೇನೆ. ಯಾರೂ ಹೇಳಲಿಲ್ಲ, ಯಾಕೆಂದರೆ ಓದಿದರೆ ಸದ್ದು ಹೆಚ್ಚುಕಮ್ಮಿ ಒಂದೇ. ಒಂದು ದಿನ ತಿದ್ದಿದ ಹಾಳೆ ಕೈಗೆ ಬಂದಾಗ ಒಂದೇ ಪುಟದಲ್ಲಿ ಐದು ಕಡೆ ಕೆಂಪು ವೃತ್ತ. ಐದೂ ಆ ಐ ಮೇಲೇ.

ಈ ರೂಪಗಳು ನಿಮಗೆ ಪೂರ್ತಿ ಹೊಸವೂ ಅಲ್ಲ. ‘ನೆಯೆ ಪಾ ಪರ್’, ಹೆದರಬೇಡಿ, ಅನ್ನುವುದರಲ್ಲಿ ಇರುವುದು ಇದೇ ‘ಎಯೆ’. ‘ಸ್ವಾ ಸಾಜ್’, ಜಾಣ ಮರಿಯಾಗಿರು ಅಂತ ಮಕ್ಕಳಿಗೆ ಹೇಳುವುದರಲ್ಲಿ ಇರುವುದು ಎತ್ರ್‌ನ ಸಬ್ಜಂಕ್ಟಿವ್ ರೂಪವೇ. ಈ ಎರಡು ಕ್ರಿಯಾಪದಗಳಿಗೆ ಆಜ್ಞೆ ಕೊಡುವ ರೂಪವನ್ನು ಫ್ರೆಂಚರು ಸಬ್ಜಂಕ್ಟಿವ್‌ನಿಂದಲೇ ಎರವಲು ತಂದಿದ್ದಾರೆ. ಆಜ್ಞೆ ಗೊತ್ತಿದ್ದರೆ ಅರ್ಧ ಪಟ್ಟಿ ಆಗಲೇ ನಿಮ್ಮ ಬಾಯಲ್ಲಿದೆ.

ಎತ್ರ್ ಅಂದೆ. ಅದರ ಕಡೆ ಬೇಗ ಒಂದು ಸುತ್ತು ಹಾಕಿಬರೋಣ. ಬರುವುದು, ತಲುಪುವುದು, ಬೀಳುವುದು, ಉಳಿಯುವುದು, ಒಳಗೆ ಹೋಗುವುದು ಇಂಥ ಒಂದಷ್ಟು ಕ್ರಿಯಾಪದಗಳು ಎತ್ರ್‌ನ ಕೈ ಹಿಡಿಯುತ್ತವೆ. ‘ಆರಿವೆ’, ತಲುಪುವುದು, ಪಾರ್ಲೆ ಗುಂಪಿನದೇ. ಕ ಜ ಸ್ವಾ ಆರಿವೆ, ಕ ತ್ಯು ಸ್ವಾ ಆರಿವೆ, ಕಿಲ್ ಸ್ವಾ ಆರಿವೆ, ಕ ನೂ ಸ್ವಾಯೋಂ ಆರಿವೆ, ಕ ವೂ ಸ್ವಾಯೆ ಆರಿವೆ, ಕಿಲ್ ಸ್ವಾ ಆರಿವೆ. ಇಲ್ಲಿ ಜ಼ ಸದ್ದಿನ ಸಹಾಯವೂ ಇಲ್ಲ, ಒಬ್ಬನೋ ಹಲವರೋ ಅನ್ನುವುದು ಸಂದರ್ಭ ನೋಡಿಯೇ ಗೊತ್ತಾಗಬೇಕು. ‘ತನ್ನನ್ನು ತಾನು’ ಅನ್ನುವ ಅರ್ಥ ಬರುವ, ‘ಸ’ ಹಚ್ಚಿಕೊಂಡ ಕ್ರಿಯಾಪದಗಳಿಗೆಲ್ಲ ಎತ್ರ್ ಕಡ್ಡಾಯ. ಇನ್ನು ಏರುವುದು, ಇಳಿಯುವುದು ಥರದವು ಮುಂದೆ ಕರ್ಮ ಬಂದರೆ ಪಕ್ಷ ಬದಲಾಯಿಸುತ್ತವೆ. ನಾನು ಏರಿದರೆ ಎತ್ರ್, ಪೆಟ್ಟಿಗೆ ಏರಿಸಿದರೆ ಆವ್ವಾರ್.

ಎತ್ರ್ ಬಂದಾಗ ಪಾರ್ಟಿಸಿಪಲ್ ಕರ್ತೃವಿಗೆ ಹೊಂದಿಕೊಳ್ಳಬೇಕು. ತಲುಪಿದ್ದು ಅವಳು ಅಂದರೆ ಆರಿವೆಗೆ ಇನ್ನೊಂದು ಇ, ಹಲವರಾದರೆ ಎಸ್. ಯಾವುದೂ ಕಿವಿಗೆ ಕೇಳುವುದಿಲ್ಲ, ಬರಹದಲ್ಲಿ ಮಾತ್ರ ಕಾಡುತ್ತದೆ. ಆವ್ವಾರ್ ಬಂದಾಗ ಕರ್ತೃವಿಗೆ ಹೊಂದುವುದಿಲ್ಲ. ಆದರೆ ಕರ್ಮ ಮುಂಚೆಯೇ ಬಂದಿದ್ದರೆ ಅದಕ್ಕೆ ಹೊಂದುತ್ತದೆ. ಈ ನಿಯಮವನ್ನು ಚಾಲ್ತಿಗೆ ತಂದ ಕೀರ್ತಿ, ಅಥವಾ ಪಾಪ, 16ನೇ ಶತಮಾನದ ಕವಿ ಕ್ಲೆಮಾಂ ಮಾರೋ ಅವರದು. ಇಟಲಿಯ ಭಾಷೆಯನ್ನು ಮಾದರಿ ಮಾಡಿಕೊಂಡು ಇದನ್ನು ಸಾರಿದರು. ಅಂದಿನಿಂದ ಇಂದಿನವರೆಗೆ ಫ್ರೆಂಚ್ ಮಕ್ಕಳೂ ಇದರಲ್ಲಿ ಎಡವುತ್ತಾರೆ. ನೀವು ಎಡವಿದರೆ ಬೇಜಾರು ಮಾಡಿಕೊಳ್ಳಬೇಡಿ.

ರೂಪ ಮುಗಿಯಿತು. ಇದನ್ನು ಯಾವಾಗ ಬಳಸುವುದು?

‘ಅನುಮಾನ ಇದ್ದರೆ ಸಬ್ಜಂಕ್ಟಿವ್’ ಅಂತ ಎಲ್ಲರೂ ಹೇಳಿಕೊಡುತ್ತಾರೆ. ನನಗೂ ಹಾಗೇ ಹೇಳಿಕೊಟ್ಟಿದ್ದರು. ಅರ್ಧ ನಿಜ. “ಜ ನ ಪಾಂಸ್ ಪಾ ಕೆಲ್ ಎ ವಾಂದ್ಯು ಲಾ ಮೆಜ಼ೋಂ.” ಅವಳು ಮನೆ ಮಾರಿದ್ದಾಳೆ ಅಂತ ನನಗೆ ಅನ್ನಿಸಲ್ಲ. ಸರಿ, ಇಲ್ಲಿ ಅನುಮಾನ ಇದೆ. ಇನ್ನೊಂದು ನೋಡಿ. “ಜ ಸ್ವಿ ಕೋಂತಾಂ ಕ ತ್ಯು ಎ ಫಿನಿ.” ನೀನು ಮುಗಿಸಿದ್ದು ನನಗೆ ಖುಷಿ. ಏನು ಅನುಮಾನ ಇದೆ ಇದರಲ್ಲಿ? ಮುಗಿಸಿರುವುದು ಕಣ್ಣೆದುರಿಗಿದೆ. ಆದರೂ ಸಬ್ಜಂಕ್ಟಿವ್. ಅದೇ “ಜೆಸ್ಪೆರ್ ಕೆಲ್ ಆ ವಾಂದ್ಯು ಲಾ ಮೆಜ಼ೋಂ”, ಅವಳು ಮನೆ ಮಾರಿದ್ದಾಳೆ ಅಂತ ಆಶಿಸುತ್ತೇನೆ, ಇಲ್ಲಿ ಮಾರಿದ್ದು ಖಂಡಿತ ಇಲ್ಲ. ಆದರೂ ಸಬ್ಜಂಕ್ಟಿವ್ ಬರುವುದಿಲ್ಲ! ಅನುಮಾನದ ಸೂತ್ರ ಹಿಡಿದವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ.

ಕನ್ನಡದ ಕಡೆಯಿಂದ ನೋಡಿದರೆ ಸ್ವಲ್ಪ ಬೆಳಕು ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ‘ನೀನು ಮುಗಿಸಿದೆ’ ಅನ್ನುವುದು ಒಂದು ಸುದ್ದಿ. ಅದನ್ನು ಖುಷಿಯ ಜೊತೆ ಜೋಡಿಸುವಾಗ ನಾವು ‘ನೀನು ಮುಗಿಸಿದೆ ಖುಷಿ’ ಅನ್ನುವುದಿಲ್ಲ. ‘ನೀನು ಮುಗಿಸಿದ್ದು ಖುಷಿ’ ಅನ್ನುತ್ತೇವೆ. ಕ್ರಿಯಾಪದದ ಬಾಲ ಕತ್ತರಿಸಿ ಅದನ್ನು ನಾಮಪದ ಮಾಡಿಬಿಟ್ಟೆವು. ಯಾಕೆ? ಮುಗಿಸಿದ್ದು ಈಗ ಸುದ್ದಿಯಾಗಿ ಉಳಿದಿಲ್ಲ. ಸುದ್ದಿ ನನ್ನ ಖುಷಿ. ಮುಗಿಸಿದ್ದು ಬರೀ ಆ ಖುಷಿಯ ಕಾರಣ. ಫ್ರೆಂಚು ಕ್ರಿಯಾಪದವನ್ನು ಕತ್ತರಿಸುವುದಿಲ್ಲ, ಅಂಗಿ ಬದಲಾಯಿಸುತ್ತದೆ. ‘ಇದನ್ನು ನಾನು ಸಾರಿ ಹೇಳುತ್ತಿಲ್ಲ, ಇನ್ನೊಂದು ಮಾತಿನ ಕೆಳಗೆ ಕಟ್ಟಿದ್ದೇನೆ’ ಅನ್ನುವ ಗುರುತು ಆ ಅಂಗಿ. ಲ್ಯಾಟಿನ್ ಮೂಲದ ಹೆಸರಿನಲ್ಲೂ ‘ಕೆಳಗೆ ಜೋಡಿಸಿದ್ದು’ ಅನ್ನುವ ಅರ್ಥವೇ ಇದೆ. ಆಶಿಸುವುದನ್ನು ಫ್ರೆಂಚರು ‘ಹೀಗೆ ಆಗಿದೆ ಅಂತ ನಾನು ಲೆಕ್ಕ ಹಾಕಿದ್ದೇನೆ’ ಅನ್ನುವ ಧಾಟಿಯಲ್ಲಿ ಹೇಳುತ್ತಾರೆ, ಆದ್ದರಿಂದ ಅಂಗಿ ಬದಲಾಗುವುದಿಲ್ಲ. ಈ ವಿವರಣೆಯೂ ಎಲ್ಲ ಕಡೆ ಹೊಂದುತ್ತದೆ ಅಂತ ನಾನು ಪಟ್ಟು ಹಿಡಿಯುವುದಿಲ್ಲ. ಅನುಮಾನದ ಸೂತ್ರಕ್ಕಿಂತ ಜಾಸ್ತಿ ದೂರ ಬರುತ್ತದೆ, ಅಷ್ಟೇ.

ಒಂದು ಎಚ್ಚರಿಕೆ. ಕನ್ನಡದ ‘ಬಂದಾನು, ಬಂದೀತು’ ಅನ್ನುವ ಸಂಭಾವನಾರ್ಥಕವನ್ನು ಇದಕ್ಕೆ ಜೋಡಿ ಮಾಡಬೇಡಿ. ‘ಬಂದಾನು’ ತನ್ನಷ್ಟಕ್ಕೆ ತಾನೇ ನಿಲ್ಲುವ ಪೂರ್ತಿ ವಾಕ್ಯ. ಫ್ರೆಂಚಿನ ಸಬ್ಜಂಕ್ಟಿವ್‌ಗೆ ಮಾಮೂಲಾಗಿ ನೇತುಹಾಕಲು ಒಂದು ಗೂಟ ಬೇಕು. ಗೂಟ ಇಲ್ಲದೆ ನಿಂತವು ಹೆಚ್ಚಾಗಿ ‘ವೀವ್ ಲಾ ಫ್ರಾಂಸ್’ ಥರದ ಹಳೇ ನುಡಿಗಟ್ಟುಗಳು.

ಈಗ ‘ಭೂತ’ದ ವಿಷಯಕ್ಕೆ ವಾಪಸ್ ಬರೋಣ. ಮೂರು ವಾಕ್ಯ ಅಕ್ಕಪಕ್ಕ ಇಡುತ್ತೇನೆ. ನೀನು ಮಾತಾಡಿದ್ದು ಅವಳಿಗೆ ಖುಷಿ. ನೀನು ಮಾತಾಡಿದ್ದು ಅವಳಿಗೆ ಖುಷಿಯಾಗಿತ್ತು. ಸೋಮವಾರದೊಳಗೆ ನೀನು ಮಾತಾಡಿರಬೇಕು ಅಂತ ಅವಳ ಆಸೆ. ಮೂರರಲ್ಲೂ ಫ್ರೆಂಚಿನಲ್ಲಿ ಬರುವುದು ಒಂದೇ, ‘ಕ ತ್ಯು ಎ ಪಾರ್ಲೆ’. ಮೊದಲನೆಯದರಲ್ಲಿ ಖುಷಿ ಈಗ, ಮಾತಾಡಿದ್ದು ಅದಕ್ಕಿಂತ ಮುಂಚೆ. ಎರಡನೆಯದರಲ್ಲಿ ಖುಷಿಯೇ ಹಿಂದಿನದು, ಮಾತಾಡಿದ್ದು ಅದಕ್ಕೂ ಹಿಂದೆ. ಮೂರನೆಯದರಲ್ಲಿ ಸೋಮವಾರವೇ ಇನ್ನೂ ಬಂದಿಲ್ಲ, ಮಾತಾಡುವುದು ಅದಕ್ಕೆ ಮುಂಚೆ ಆಗಬೇಕು. ಕ್ಯಾಲೆಂಡರಿನಲ್ಲಿ ಮೂರು ಬೇರೆ ಬೇರೆ ಕಡೆ ಇರುವ ಮಾತಿಗೆ ಒಂದೇ ರೂಪ. ಮೂರಕ್ಕೂ ಸಾಮಾನ್ಯವಾದದ್ದು ಒಂದೇ: ಒಂದು ಗುರುತಿನ ಗೆರೆ ಇದೆ, ಆ ಗೆರೆಗೆ ಮುಂಚೆ ಕೆಲಸ ಪೂರ್ತಿಯಾಗಿದೆ ಅಥವಾ ಆಗಬೇಕು.

ಗೆರೆ ಮುಟ್ಟುವಾಗ ಕೆಲಸ ನಡೆಯುತ್ತಾ ಇದ್ದರೆ, ಅಥವಾ ಆಮೇಲೆ ನಡೆಯುವುದಿದ್ದರೆ, ವರ್ತಮಾನ ಸಬ್ಜಂಕ್ಟಿವ್ ಹಾಕಿ, ‘ಕ ತ್ಯು ಪಾರ್ಲ್’. ಅದರ ‘ವರ್ತಮಾನ’ವೂ ಸುಳ್ಳು ಹೆಸರೇ. ನಿನ್ನೆಯ ಖುಷಿಗೂ ಅದು ನಡೆಯುತ್ತದೆ. ನನ್ನ ಕೈಲಿ ಅಧಿಕಾರ ಇದ್ದಿದ್ದರೆ ಒಂದಕ್ಕೆ ‘ಮುಗಿದದ್ದು’, ಇನ್ನೊಂದಕ್ಕೆ ‘ಮುಗಿಯದ್ದು’ ಅಂತ ಹೆಸರಿಡುತ್ತಿದ್ದೆ. ನನ್ನನ್ನು ಯಾರೂ ಕೇಳಿಲ್ಲ, ಬಿಡಿ.

ಇನ್ನೊಂದು ಚೆಂದದ ಜಾಗ ಇದೆ. ಅತಿ ದೊಡ್ಡ, ಅತಿ ಉದ್ದ, ಮೊದಲ, ಏಕೈಕ ಇಂಥ ಮಾತಿನ ಹಿಂದೆ ಈ ರೂಪ ಬರುತ್ತದೆ. “ಸೆ ಲಾ ಪ್ಲ್ಯು ಲೋಂಗ್ ಲೆತ್ರ್ ಕ ಜೆ ಜಾಮೆ ಆಂವ್ವಾಯೆ.” ನಾನು ಇದುವರೆಗೆ ಕಳಿಸಿದ್ದರಲ್ಲಿ ಇದೇ ಅತಿ ಉದ್ದದ ಪತ್ರ. ಬರೆಯುವಾಗ ನೆನಪಿಡಿ, ಪತ್ರ ಫ್ರೆಂಚಿನಲ್ಲಿ ಹೆಣ್ಣು, ವಾಕ್ಯದಲ್ಲಿ ಮುಂಚೆಯೇ ಬಂದಿದೆ, ಆದ್ದರಿಂದ ಕೊನೆಯ ಪಾರ್ಟಿಸಿಪಲ್‌ಗೆ ಇನ್ನೊಂದು ಇ. ಮಾರೋ ಬಿಡುವುದಿಲ್ಲ.

ಈಗ ನನ್ನದೇ ಒಂದು ಪೇಚಾಟ. ಮೌಖಿಕ ಪರೀಕ್ಷೆ ಮುಗಿದಿತ್ತು. ಎದುರಿಗಿದ್ದವರು ಹೇಗನ್ನಿಸುತ್ತಿದೆ ಅಂತ ಕೇಳಿದರು. ಕಲಿತದ್ದನ್ನು ತೋರಿಸೋಣ ಅಂತ ಎದೆಯುಬ್ಬಿಸಿ ಹೇಳಿದೆ, “ಜ ಸ್ವಿ ಕೋಂತಾಂ ಕ ಜೆ ಫಿನಿ.” ನಾನು ಮುಗಿಸಿದ್ದು ನನಗೆ ಖುಷಿ. ಅವರು ನಕ್ಕು, ಮೆಲ್ಲಗೆ, “ದಾವ್ವಾರ್ ಫಿನಿ?” ಅಂದರು. ಖುಷಿಪಡುವವನೂ ಮುಗಿಸಿದವನೂ ಒಬ್ಬನೇ ಆದರೆ ಫ್ರೆಂಚರು ‘ಕ’ ಹಾಕುವುದೇ ಇಲ್ಲ. ‘ಜ ಸ್ವಿ ಕೋಂತಾಂ ದಾವ್ವಾರ್ ಫಿನಿ’, ಅಷ್ಟೇ. ಪಟ್ಟಿಯ ಆರೂ ರೂಪ ಸರಿಯಾಗಿ ಕಲಿತಿದ್ದೆ, ಅದನ್ನು ಎಲ್ಲಿ ಬಿಡಬೇಕು ಅಂತ ಕಲಿತಿರಲಿಲ್ಲ. ‘ನಾನು’ ರೂಪ ಪಟ್ಟಿಯಲ್ಲಿ ಮೊದಲು ಬರುತ್ತದೆ. ಆದರೆ ನಿಮ್ಮದೇ ಖುಷಿ, ನಿಮ್ಮದೇ ಬೇಜಾರಿನ ಮಾತಿಗೆ ಅದು ಒದಗುವುದಿಲ್ಲ. ನಾನು ಬಂದದ್ದು ಇನ್ಯಾರಿಗೋ ಇಷ್ಟವಾಗಬೇಕು, ಆಗ ಸರಿ.

ಮಾತಿನ ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು, “‘ಆದ ಮೇಲೆ’ ಅನ್ನುವ ‘ಆಪ್ರೆ ಕ’ ಬಂದಾಗ ಸಬ್ಜಂಕ್ಟಿವ್ ಹಾಕಬೇಕಾ ಸರ್? ಫ್ರೆಂಚರೇ ಹಾಕುವುದನ್ನು ಕೇಳಿದ್ದೇನೆ.” ಒಳ್ಳೇ ಕಿವಿ. ‘ಆವಾಂ ಕ’, ಅಂದರೆ ಮುಂಚೆ, ಬಂದರೆ ಸಬ್ಜಂಕ್ಟಿವ್ ಸರಿ, ಕೆಲಸ ಇನ್ನೂ ಆಗಿಲ್ಲ. ‘ಆಪ್ರೆ ಕ’ದಲ್ಲಿ ಕೆಲಸ ಆಗಿಹೋಗಿದೆ, ಅದನ್ನು ಆಗಿದ್ದು ಅಂತಲೇ ಹೇಳುತ್ತಿದ್ದೇವೆ. ವ್ಯಾಕರಣದ ಪ್ರಕಾರ ಸಬ್ಜಂಕ್ಟಿವ್ ಬೇಡ. ಭಾಷೆಯ ಸರಿತಪ್ಪು ಹೇಳುವ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿಯೂ ಬೇಡ ಅನ್ನುತ್ತದೆ. ಜನ ಮಾತ್ರ ‘ಆವಾಂ ಕ’ದ ಗುಂಗಿನಲ್ಲಿ ಇಲ್ಲೂ ಹಾಕುತ್ತಾರೆ. ಪರೀಕ್ಷೆಯಲ್ಲಿ ಹಾಕಬೇಡಿ. ಮಾತಿನಲ್ಲಿ ಯಾರಾದರೂ ಹಾಕಿದರೆ ತಿದ್ದಲು ಹೋಗಬೇಡಿ.

ಇನ್ನೊಬ್ಬರು ಹಳೇ ಫ್ರೆಂಚ್ ಕಾದಂಬರಿ ಓದುತ್ತಿದ್ದಾರಂತೆ. “ಅದರಲ್ಲಿ ಈ ಎ, ಎಯೋಂ ಇಲ್ಲವೇ ಇಲ್ಲ, ಬೇರೆ ಏನೋ ಇದೆಯಲ್ಲ ಸರ್?” ಅಂದರು. ಹೌದು. ಸಬ್ಜಂಕ್ಟಿವ್‌ಗೆ ಒಟ್ಟು ನಾಲ್ಕು ಕಾಲ. ಮುಖ್ಯ ಕ್ರಿಯಾಪದ ಭೂತಕಾಲದಲ್ಲಿದ್ದರೆ ಹಳೇ ನಿಯಮದ ಪ್ರಕಾರ ಇನ್ನೆರಡು ರೂಪ ಬರಬೇಕಿತ್ತು. ‘ಕ ತ್ಯು ಎ ಪಾರ್ಲೆ’ ಜಾಗದಲ್ಲಿ ‘ಕ ತ್ಯು ಯುಸ್ ಪಾರ್ಲೆ’ ಥರ. ಮಾತಿನಲ್ಲಿ ಅವೆರಡೂ ಸತ್ತುಹೋಗಿವೆ. ಈಗ ಯಾರಾದರೂ ಆಡಿದರೆ ತಮಾಷೆಗೆ ಆಡುತ್ತಿದ್ದಾರೆ ಅಂತಲೇ ಲೆಕ್ಕ. ಸರ್ಕಾರವೂ ಒಪ್ಪಿಕೊಂಡಿತು. ರೆನೆ ಆಬಿ ಶಿಕ್ಷಣ ಮಂತ್ರಿಯಾಗಿದ್ದಾಗ, 1976ರ ಡಿಸೆಂಬರ್ 28ರ ಆದೇಶದಲ್ಲಿ, ಹಳೇ ರೂಪ ಬರಬೇಕಾದ ಕಡೆ ವರ್ತಮಾನವನ್ನೋ, ನಾವು ಇಷ್ಟು ಹೊತ್ತು ಮಾತಾಡಿದ ಈ ಪಾಸೆಯನ್ನೋ ಬರೆದರೂ ಪರೀಕ್ಷೆಯಲ್ಲಿ ತಪ್ಪು ಹಿಡಿಯಬಾರದು ಅಂತ ಹೇಳಿದರು. ಎರಡನೇ ವಾಕ್ಯದ ‘ಖುಷಿಯಾಗಿತ್ತು’ ಜೊತೆ ನಾನು ನಿಶ್ಚಿಂತೆಯಿಂದ ‘ಎ ಪಾರ್ಲೆ’ ಹಾಕಿದ್ದು ಅದೇ ಧೈರ್ಯದ ಮೇಲೆ.

ಕಾದಂಬರಿ ಓದಲು ಅವನ್ನೆಲ್ಲ ಕಟ್ಟಲು ಬರಬೇಕಾಗಿಲ್ಲ, ಗುರುತು ಹಿಡಿದರೆ ಸಾಕು. ಇ-ಯು-ಟಿ ಅಂತ ಮೂರಕ್ಷರ ಸಿಗುತ್ತದೆ, ಪಕ್ಕದಲ್ಲಿ ಒಂದು ಪಾರ್ಟಿಸಿಪಲ್ ಇರುತ್ತದೆ. ಯು ತಲೆಯ ಮೇಲೆ ಟೋಪಿ ಇದ್ದರೆ ಅದು ಸಬ್ಜಂಕ್ಟಿವ್, ಟೋಪಿ ಇಲ್ಲದಿದ್ದರೆ ಬರೀ ಕಥೆ ಹೇಳುವ ಭೂತಕಾಲ. ಆ ಟೋಪಿಯನ್ನು ಹುಡುಕಿಕೊಂಡು ಓದಿ.